ಬಿದ್ದು ಕಲಿಯುವ ನೀರು

(ಘಟ್ಟದ ಬದಿಯ ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ನೀರಿನ ಮೇಲೆ ಒಂದು ಹಲಗೆ. ಹಲಗೆಯ ಮೇಲೆ ಒಬ್ಬ ಯುವಕ, ಅವನ ಕೈಯಲ್ಲಿ ಉದ್ದನೆಯ ಹುಟ್ಟು. ಮೊಣಕಾಲೂರಿ ಕುಳಿತವನು ಮೆಲ್ಲನೆ ಏಳುತ್ತಾನೆ. ಕಾಲು ನಡುಗುತ್ತದೆ, ಹಲಗೆ ಓಲಾಡುತ್ತದೆ, ಮರುಕ್ಷಣ ಅವನು ನೀರಿನಲ್ಲಿರುತ್ತಾನೆ. ದಡದಲ್ಲಿದ್ದವರು ನಗುತ್ತಾರೆ. ಅವನೂ ನಗುತ್ತಾ ಬಾಯಿಗೆ ಬಂದ ನೀರನ್ನು ಉಗುಳಿ ಮತ್ತೆ ಹಲಗೆ ಹತ್ತುತ್ತಾನೆ. ಪ್ಯಾಡಲ್ ಬೋರ್ಡಿಂಗ್ ಎಂದು ಕರೆಯಲಾಗುವ ಆಟದ ಮೊದಲ ಪಾಠ ಇದು. ಬೀಳದೆ ಇದನ್ನು ಕಲಿತವರಿಲ್ಲ. ಆದುದರಿಂದ ಹಲಗೆಗೆ ಎಷ್ಟು ಬೆಲೆ, ಕಲಿಸುವವರು ಯಾರು ಎಂಬ ಪ್ರಶ್ನೆಗಳಿಗಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಬೀಳುವ ನೀರು ಎಂಥದು?

ಕಡಲ ಬದಿಯ ಪಟ್ಟಣದ ಆಟವೊಂದರ ಕುರಿತು ಘಟ್ಟದ ಊರಿನಲ್ಲಿ ಮಾತನಾಡುವುದೇಕೆ ಎಂದು ಯಾರಿಗಾದರೂ ಅನಿಸಬಹುದು. ಅದಕ್ಕೆ ಉತ್ತರ ನದಿಯ ದಾರಿಯಲ್ಲಿದೆ. ಕುದುರೆಮುಖ ಶ್ರೇಣಿಯಲ್ಲಿ ಹುಟ್ಟುವ ನೇತ್ರಾವತಿ ಬೆಳ್ತಂಗಡಿ ಸೀಮೆಯನ್ನು ಹಾದು, ಧರ್ಮಸ್ಥಳದ ಸ್ನಾನಘಟ್ಟವನ್ನು ದಾಟಿ, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಳ್ಳುತ್ತದೆ. ಅಲ್ಲಿಂದ ಪಾಣೆಮಂಗಳೂರು, ಬಂಟ್ವಾಳ, ತುಂಬೆಗಳ ಮೂಲಕ ಮಂಗಳೂರನ್ನು ತಲುಪುತ್ತದೆ. ವೇಣೂರಿನ ಬದಿಯಲ್ಲಿ ಹರಿಯುವ ಫಲ್ಗುಣಿ, ಗುರುಪುರದಲ್ಲಿ ಗುರುಪುರ ನದಿಯೆನಿಸಿಕೊಂಡು, ಕೂಳೂರು ಮತ್ತು ಸುಲ್ತಾನ್ ಬತ್ತೇರಿಯ ಮಗ್ಗುಲಲ್ಲಿ ದಕ್ಷಿಣಕ್ಕೆ ತಿರುಗುತ್ತದೆ. ಎರಡೂ ನದಿಗಳು ಬೆಂಗರೆಯ ಬಳಿ ಸಂಧಿಸಿ ಒಂದೇ ಅಳಿವೆಯಲ್ಲಿ ಅರಬ್ಬಿ ಸಮುದ್ರವನ್ನು ಸೇರುತ್ತವೆ. ಹೊಸದಾಗಿ ಹುಟ್ಟು ಹಿಡಿದ ಪಟ್ಟಣದ ಹುಡುಗ ಹುಡುಗಿಯರು ಬೀಳುವ ನೀರಿನಲ್ಲಿ ಘಟ್ಟದ ಪ್ರತಿಯೊಂದು ತೋಡಿನ ಪಾಲಿದೆ.

ಹಳೆಯ ದಾರಿ, ಹೊಸ ಆಟ

ಮಂಗಳೂರಿಗೆ ದೋಣಿ ಹೊಸತಲ್ಲ. ರಸ್ತೆ ಮತ್ತು ಸೇತುವೆಗಳು ಬರುವ ಮೊದಲು ನದಿಯೇ ಹೆದ್ದಾರಿಯಾಗಿತ್ತು. ಘಟ್ಟದ ಮೇಲಿನ ಸರಕು ಬಂಟ್ವಾಳಕ್ಕೆ ಇಳಿದು, ಅಲ್ಲಿಂದ ದೋಣಿಗಳಲ್ಲಿ ಬಂದರಿಗೆ ಸಾಗುತ್ತಿತ್ತು. 1865ರಲ್ಲಿ ಬಾಸೆಲ್ ಮಿಷನ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ನದಿಯ ದಂಡೆಯ ಜೇಡಿಮಣ್ಣಿಗೂ ಕಾಡಿನ ಕಟ್ಟಿಗೆಗೂ ಬೇಡಿಕೆ ಹೆಚ್ಚಿತು. ಮಣ್ಣು, ಸೌದೆ, ಹಂಚು ಎಲ್ಲವೂ ದೋಣಿಯ ಹೊರೆಯಾದವು. ಸುಲ್ತಾನ್ ಬತ್ತೇರಿಯ ಕಾವಲು ಕಟ್ಟಡವನ್ನು ಟಿಪ್ಪು ಸುಲ್ತಾನ ಕಟ್ಟಿಸಿದ್ದು ನದಿಯೊಳಕ್ಕೆ ಬರಬಹುದಾದ ಶತ್ರುನೌಕೆಗಳ ಮೇಲೆ ಕಣ್ಣಿಡಲೆಂದೇ. ಬೆಂಗರೆ ಮತ್ತು ತಣ್ಣೀರುಬಾವಿಯ ಜನರಿಗೆ ಕಡವಿನ ದೋಣಿ ನಿತ್ಯದ ಬದುಕಿನ ಭಾಗವಾಗಿತ್ತು.

ಸೇತುವೆಗಳು ಬಂದಂತೆ ಊರು ನದಿಗೆ ಬೆನ್ನು ಹಾಕಿತು. ಮನೆಗಳ ಮುಂಬಾಗಿಲು ರಸ್ತೆಗೆ ತಿರುಗಿತು. ನದಿಯ ಕಡೆಗೆ ಹಿತ್ತಿಲು ಉಳಿಯಿತು. ಹಿತ್ತಿಲಿಗೆ ಏನನ್ನು ಎಸೆಯುತ್ತಾರೆಂಬುದನ್ನು ವಿವರಿಸಬೇಕಾಗಿಲ್ಲ. ಒಂದೆರಡು ತಲೆಮಾರುಗಳಲ್ಲಿ, ನದಿಯ ನೀರನ್ನು ಕೈಯಿಂದ ಮುಟ್ಟದೆಯೇ ನದೀತೀರದ ಪಟ್ಟಣದಲ್ಲಿ ಬಾಳಿ ಮುಗಿಸುವುದು ಸಾಧ್ಯವಾಯಿತು. ಮೀನುಗಾರರು, ಮರುವಾಯಿ ಹೆಕ್ಕುವವರು, ದೋಣಿ ನಡೆಸುವವರು ಮಾತ್ರ ಆ ನೀರನ್ನು ಬಲ್ಲವರಾಗಿ ಉಳಿದರು.

ಈಚಿನ ವರ್ಷಗಳಲ್ಲಿ ನಗರದ ಮಕ್ಕಳು ಬೇರೊಂದು ದಾರಿಯಿಂದ ಅದೇ ನೀರಿಗೆ ಮರಳುತ್ತಿದ್ದಾರೆ. ಮಂಗಳೂರಿನ ಸುತ್ತಲಿನ ಹಿನ್ನೀರುಗಳಲ್ಲಿ ಬಣ್ಣಬಣ್ಣದ ಕಯಾಕ್‌ಗಳು ಕಾಣಿಸಿಕೊಂಡಿವೆ. 2019ರ ಜನವರಿಯಲ್ಲಿ ಫಲ್ಗುಣಿಯ ದಂಡೆಯಲ್ಲಿ ನದಿ ಉತ್ಸವ ನಡೆಯಿತು. ನಗರದ ಉತ್ತರಕ್ಕೆ, ಶಾಂಭವಿ ಮತ್ತು ನಂದಿನಿ ನದಿಗಳು ಕಡಲು ಸೇರುವ ಸಸಿಹಿತ್ಲಿನಲ್ಲಿ, 2024ರ ಮಾರ್ಚ್ ತಿಂಗಳಲ್ಲಿ ಹಲಗೆಯ ಮೇಲೆ ನಿಂತು ಹುಟ್ಟು ಹಾಕುವ ಅಂತರರಾಷ್ಟ್ರೀಯ ಸ್ಪರ್ಧೆ ಏರ್ಪಟ್ಟಿತು.

ಈ ಉಪಕರಣಗಳ ಮೂಲ ತಿಳಿದರೆ ಅವು ಅಷ್ಟೇನೂ ಪರಕೀಯವೆನಿಸುವುದಿಲ್ಲ. ಕಯಾಕ್ ಉತ್ತರಧ್ರುವ ಪ್ರದೇಶದ ಬೇಟೆಗಾರ ಜನಾಂಗಗಳ ಸೃಷ್ಟಿ. ನೀರಿನಲ್ಲಿ ತೇಲಿಬಂದ ಮರ ಮತ್ತು ಎಲುಬಿನ ಚೌಕಟ್ಟಿಗೆ ಸೀಲ್ ಪ್ರಾಣಿಯ ಚರ್ಮ ಹೊದಿಸಿ ಅವರು ಅದನ್ನು ಕಟ್ಟುತ್ತಿದ್ದರು. ಬಿದಿರಿನ ಹಂದರಕ್ಕೆ ಚರ್ಮ ಹೊದಿಸಿ ತುಂಗಭದ್ರೆಯಲ್ಲಿ ಹರಿಗೋಲು ನಡೆಸಿದವರ ಬುದ್ಧಿಯೂ ಅದೇ ಜಾತಿಯದು. ಹಲಗೆಯ ಮೇಲೆ ನಿಂತು ಹುಟ್ಟು ಹಾಕುವ ಈಗಿನ ರೂಢಿ ಹವಾಯಿ ದ್ವೀಪಗಳಿಂದ ಬಂದು, 2000ದ ನಂತರ ಲೋಕದೆಲ್ಲೆಡೆ ಹಬ್ಬಿತು.

ಕಲಿಯುವವರ ಪಾಠ

ಹೊಸಬರಿಗೆ ಕಯಾಕ್ ಸುಲಭ, ಹಲಗೆ ಸ್ವಲ್ಪ ಕಷ್ಟ. ಕಯಾಕ್‌ನಲ್ಲಿ ಎರಡು ಬಗೆ. ಒಂದರಲ್ಲಿ ಕಾಲುಗಳು ಒಳಗೆ ಸೇರುತ್ತವೆ. ಇನ್ನೊಂದರಲ್ಲಿ ಮೇಲೆಯೇ ಕುಳಿತುಕೊಳ್ಳುವುದು. ಮೊದಲ ಬಗೆಯದು ಮಗುಚಿದರೆ ಅದರಿಂದ ಹೊರಬರುವ ಕ್ರಮವನ್ನು ಅಭ್ಯಾಸ ಮಾಡಿರಬೇಕು. ಎರಡನೆಯದು ಮಗುಚಿದರೆ ಕುಳಿತವನು ತಾನಾಗಿ ಕಳಚಿಕೊಳ್ಳುತ್ತಾನೆ. ಬಿಸಿ ನಾಡಿನಲ್ಲಿ ಕಲಿಯಲು ಎರಡನೆಯದೇ ಸೂಕ್ತ.

ಕಯಾಕ್‌ನ ಹುಟ್ಟಿಗೆ ಎರಡು ತುದಿಯಲ್ಲೂ ಅಲಗು ಇರುತ್ತದೆ. ಬೆನ್ನು ನೆಟ್ಟಗಿರಬೇಕು, ಮೊಣಕಾಲು ಸ್ವಲ್ಪ ಮಡಚಿರಬೇಕು. ಅಲಗನ್ನು ಪಾದದ ಸಮೀಪ ನೀರಿಗಿಳಿಸಿ, ಸೊಂಟದವರೆಗೆ ಎಳೆದು, ಅಲ್ಲಿಯೇ ಎತ್ತಿಬಿಡಬೇಕು. ಹೊಸಬರು ತೋಳಿನಿಂದ ಎಳೆದು ಕಾಲು ಗಂಟೆಯಲ್ಲಿ ದಣಿಯುತ್ತಾರೆ. ಬಲ್ಲವರು ಸೊಂಟದ ಮೇಲಿನ ಮೈಯನ್ನೇ ತಿರುಗಿಸಿ ಎಳೆಯುತ್ತಾರೆ. ತೋಳು ಕೇವಲ ಹಿಡಿಕೆ. ತಿರುಗಬೇಕಾದ ದಿಕ್ಕಿಗೆ ಎದುರಿನ ಬದಿಯಲ್ಲಿ ಅಲಗನ್ನು ಅಗಲವಾಗಿ, ಕುಡುಗೋಲು ಬೀಸಿದ ಹಾಗೆ ಹೊರಳಿಸಿದರೆ ದೋಣಿ ತಿರುಗುತ್ತದೆ.

ಹಲಗೆಯ ಹುಟ್ಟಿಗೆ ಒಂದೇ ಅಲಗು. ಅದರ ಉದ್ದ ಹಿಡಿಯುವವರ ಎತ್ತರಕ್ಕಿಂತ ಸುಮಾರು ಒಂದು ಗೇಣು ಹೆಚ್ಚು. ಆ ಅಲಗಿಗೆ ಕೊಂಚ ಬಾಗು ಇರುತ್ತದೆ. ನೋಡಿದವರಿಗೆ ಅದು ಚಮಚದಂತೆ ಹಿಂದಕ್ಕೆ ಬಾಗಿರಬೇಕೆನಿಸಿದರೂ, ಸರಿಯಾದ ಹಿಡಿತದಲ್ಲಿ ಅದು ಮುಂದಕ್ಕೆ ಓರೆಯಾಗಿರುತ್ತದೆ. ಕಲಿಯುವವರಿಗೆ ಅಗಲವಾದ ಹಲಗೆಯೇ ಬೇಕು. ಮೊದಲು ಮಧ್ಯಭಾಗದಲ್ಲಿ ಮೊಣಕಾಲೂರಿ ಕುಳಿತು, ಆ ಭಂಗಿಯಲ್ಲಿಯೇ ಸ್ವಲ್ಪ ದೂರ ಹೋಗಿ ಬರಬೇಕು. ಬಳಿಕ ಒಂದೊಂದೇ ಪಾದವನ್ನು ಮೊಣಕಾಲಿದ್ದ ಜಾಗಕ್ಕೆ ತಂದು ಏಳಬೇಕು. ಪಾದಗಳ ನಡುವೆ ಭುಜದಷ್ಟು ಅಂತರ, ಮೊಣಕಾಲು ಸಡಿಲ, ದೃಷ್ಟಿ ಮುಂದಕ್ಕೆ. ಪಾದವನ್ನು ನೋಡಿದವನು ಬೀಳುತ್ತಾನೆ. ಕಾಲುಸಂಕ ದಾಟುವ ಮಲೆನಾಡಿನ ಮಕ್ಕಳಿಗೆ ಈ ಗುಟ್ಟನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಬೀಳುವುದಕ್ಕೂ ಕ್ರಮವಿದೆ. ಹಲಗೆಯ ಮೇಲೆಯೇ ಬಿದ್ದರೆ ಪೆಟ್ಟಾಗುತ್ತದೆ. ಅದರಿಂದ ದೂರಕ್ಕೆ, ಮೈ ಚಪ್ಪಟೆಯಾಗಿ ಹರಡುವಂತೆ ಬೀಳಬೇಕು. ನೇರವಾಗಿ ಕಾಲೂರಿ ಇಳಿದರೆ ಅಳಿವೆಯ ಕೆಸರು ಕಾಲನ್ನು ಹಿಡಿಯಬಹುದು, ಕಲ್ಲಿಗಂಟಿದ ಚಿಪ್ಪುಗಳು ಪಾದವನ್ನು ಸೀಳಬಹುದು. ಮತ್ತೆ ಹತ್ತುವಾಗ ಹಲಗೆಯ ಮಧ್ಯಭಾಗವನ್ನು ಹಿಡಿದು, ಕಾಲುಗಳನ್ನು ಹಿಂದಕ್ಕೆ ಬಡಿದು ಮೈಯನ್ನು ನೀರಿನ ಮಟ್ಟಕ್ಕೆ ತಂದು, ಹೊಟ್ಟೆಯ ಮೇಲೆ ಜಾರಿಕೊಂಡು ಏರಬೇಕು. ಹೀಗೆ ಏರಲು ಬಾರದವರು ದಡದಿಂದ ದೂರ ಹೋಗಬಾರದು.

ಲೈಫ್ ಜಾಕೆಟ್ ಇಲ್ಲದೆ ನೀರಿಗಿಳಿಯಬಾರದು ಎಂಬ ನಿಯಮಕ್ಕೆ ವಿನಾಯಿತಿಯಿಲ್ಲ. ಈಜು ಬಲ್ಲವರಿಗೂ ಇಲ್ಲ. ಹಲಗೆಯನ್ನು ಕಾಲಿಗೆ ಕಟ್ಟಿಕೊಳ್ಳುವ ಹಗ್ಗದ ವಿಷಯದಲ್ಲಿ ಹೊಸಬರು ಮುಖ್ಯವಾದ ಒಂದು ಸಂಗತಿಯನ್ನು ಅರಿತಿರಬೇಕು. ನಿಂತ ನೀರಿನಲ್ಲಿ ಅದು ರಕ್ಷಣೆ. ಹರಿಯುವ ನೀರಿನಲ್ಲಿ, ಕಂಬ, ಬಲೆ, ಲಂಗರಿನ ಹಗ್ಗಗಳಿರುವಲ್ಲಿ, ಕಾಲಿಗೆ ಕಟ್ಟಿದ ಅದೇ ಹಗ್ಗ ಸಿಕ್ಕಿಕೊಂಡು ಮನುಷ್ಯನನ್ನು ನೀರಿನಡಿ ಹಿಡಿದಿಡಬಲ್ಲದು. ಅಂಥಲ್ಲಿ ಒಂದೇ ಸೆಳೆತಕ್ಕೆ ಬಿಚ್ಚಿಕೊಳ್ಳುವ ಸೊಂಟಪಟ್ಟಿ ಬಳಸಬೇಕು.

ಬೆವರು, ಉಬ್ಬರ, ಸಿಡಿಲು

ಮಂಗಳೂರಿನ ಸೆಕೆಯನ್ನು ಉಷ್ಣಮಾಪಕದ ಅಂಕಿಯಿಂದ ಅಳೆಯಲಾಗದು. ಬೇಸಿಗೆಯ ಗರಿಷ್ಠ ಉಷ್ಣಾಂಶ ಸಾಮಾನ್ಯವಾಗಿ 33ರಿಂದ 35 ಡಿಗ್ರಿ ಸೆಲ್ಷಿಯಸ್. ಬಯಲುಸೀಮೆಯ ಕಲಬುರಗಿ, ರಾಯಚೂರಿನವರಿಗೆ ಇದು ಲೆಕ್ಕಕ್ಕಿಲ್ಲ. ಆದರೆ ದೇಹ ತಣಿಯುವುದು ಬೆವರು ಸುರಿಯುವುದರಿಂದಲ್ಲ, ಅದು ಆರುವುದರಿಂದ. ಗಾಳಿಯಲ್ಲಿ ತೇವ ತುಂಬಿರುವಾಗ ಬೆವರು ಆರದೆ ಹರಿದುಹೋಗುತ್ತದೆ. ದೇಹ ನೀರನ್ನೂ ಉಪ್ಪನ್ನೂ ಕಳೆದುಕೊಳ್ಳುತ್ತದೆ, ತಂಪು ಮಾತ್ರ ದಕ್ಕುವುದಿಲ್ಲ. ಸುತ್ತ ನೀರಿರುವುದರಿಂದ ದಾಹ ತಿಳಿಯದೆ ಹೋಗುವುದು ಇನ್ನೊಂದು ಅಪಾಯ. ತಲೆನೋವು, ವಾಕರಿಕೆ, ತಲೆಸುತ್ತು ಕಾಣಿಸಿಕೊಂಡವರನ್ನು ಕೂಡಲೇ ನೆರಳಿಗೆ ತಂದು ಮೈ ತಣಿಸಬೇಕು. ಮಾತು ತಡವರಿಸಿದರೆ, ಮನಸ್ಸು ಗೊಂದಲಗೊಂಡರೆ ಅದು ಆಸ್ಪತ್ರೆಯ ಪ್ರಕರಣ. ಉಪ್ಪು ಬೆರೆಸಿದ ಮಜ್ಜಿಗೆ ಅಥವಾ ಗಂಜಿಯ ತಿಳಿಯನ್ನು ಹೊರಡುವ ಮೊದಲೇ ಕುಡಿಯುವುದು ಲೇಸು. ಬೆಳಗಿನ ಆರರಿಂದ ಒಂಬತ್ತರವರೆಗಿನ ಅವಧಿ ಕಲಿಯುವವರದು. ಹೊತ್ತು ಏರಿದಂತೆ ಕಡಲಗಾಳಿ ಬಲಿಯುತ್ತದೆ. ಹಲಗೆಯ ಮೇಲೆ ನಿಂತವನ ಮೈಯೇ ಆ ಗಾಳಿಗೆ ಹಾಯಿಯಾಗುತ್ತದೆ.

ಘಟ್ಟದ ಹೊಳೆ ಒಂದೇ ದಿಕ್ಕಿಗೆ ಹರಿಯುತ್ತದೆ. ಅಳಿವೆಯ ನೀರು ಹಾಗಲ್ಲ. ದಿನಕ್ಕೆ ಎರಡು ಬಾರಿ ಕಡಲು ಉಬ್ಬಿ ನದಿಯೊಳಕ್ಕೆ ನುಗ್ಗುತ್ತದೆ, ಎರಡು ಬಾರಿ ಇಳಿಯುತ್ತದೆ. ಉಬ್ಬರದಿಂದ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಆದಕಾರಣ ದಿನದಿಂದ ದಿನಕ್ಕೆ ಹೊತ್ತು ಸುಮಾರು 50 ನಿಮಿಷ ಮುಂದಕ್ಕೆ ಸರಿಯುತ್ತದೆ. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತ ಹೆಚ್ಚು, ಅಷ್ಟಮಿಯ ಸುಮಾರಿಗೆ ಕಡಿಮೆ. ಇಳಿತದ ವೇಳೆ ಹೊಳೆಯ ನೀರೂ ಕಡಲ ನೀರೂ ಒಂದಾಗಿ ಅಳಿವೆಯ ಬಾಯಿಗೆ ಸೆಳೆಯುತ್ತವೆ. ಹೊಸಬರ ಕೈಗೆ ಆ ಸೆಳೆತದ ಎದುರು ಬಲ ಸಾಲದು. ಉಬ್ಬರದ ಕೊನೆಯಲ್ಲಿ, ನೀರು ನಿಂತಂತಿರುವ ಹೊತ್ತಿನಲ್ಲಿ, ಅಳಿವೆಯ ಬಾಯಿಂದ ದೂರದಲ್ಲಿ ಅಭ್ಯಾಸ ಮಾಡಬೇಕೆಂಬುದು ಇದರಿಂದಲೇ ಬಂದ ನಿಯಮ. ಈ ಪಂಚಾಂಗವನ್ನು ಬೆಂಗರೆಯ ಮೀನುಗಾರ ಬಾಯಿಪಾಠ ಬಲ್ಲ. ಅವನನ್ನು ಕೇಳದೆ ನೀರಿಗಿಳಿಯುವವನು ತನ್ನ ಅಪಾಯವನ್ನು ತಾನೇ ಆಹ್ವಾನಿಸಿಕೊಂಡಂತೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಆಟಕ್ಕೆ ಬಿಡುವು. ವರ್ಷದಲ್ಲಿ 3,500 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಊರಿನಲ್ಲಿ ಅದರ ಬಹುಪಾಲು ಸುರಿಯುವುದು ಈ ನಾಲ್ಕು ತಿಂಗಳಲ್ಲಿ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೂ ನಿಷೇಧವಿದೆ. ಪಾಣೆಮಂಗಳೂರು, ಬಂಟ್ವಾಳದ ಹಿರಿಯರು ‘ಮಾರಿ ಬೊಳ್ಳ’ ಎಂದು ಸ್ಮರಿಸುತ್ತಿದ್ದ 1923ರ ಮಹಾನೆರೆ, ಅನಂತರ 1974ರ ನೆರೆ, ಇವು ನೇತ್ರಾವತಿಯ ಬಲವನ್ನು ತೋರಿಸಿಕೊಟ್ಟಿವೆ. ಮಳೆಗಾಲದ ಮುಂಚಿನ ಏಪ್ರಿಲ್, ಮೇ ತಿಂಗಳಲ್ಲಿ ಮತ್ತು ಹಿಂಗಾರಿನ ಅಕ್ಟೋಬರ್‌ನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು ಸಾಮಾನ್ಯ. ಬಯಲಾದ ನೀರಿನ ಮೇಲೆ ನಿಂತ ಮನುಷ್ಯನೇ ಎಲ್ಲಕ್ಕಿಂತ ಎತ್ತರದ ವಸ್ತು. ಮೊದಲ ಗುಡುಗಿಗೇ ದಡ ಸೇರಬೇಕು. ಮಳೆ ಸುರಿಯುತ್ತಿರುವುದು ಘಟ್ಟದಲ್ಲಾದರೂ, ಅಳಿವೆಯಲ್ಲಿ ಬಿಸಿಲಿದ್ದರೂ, ಕೆಂಪು ನೀರು ಇಳಿದುಬರಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ಬಾಯಿಗೆ ಬಂದ ನೀರು

ಇಷ್ಟೆಲ್ಲ ನಿಯಮಗಳನ್ನು ಪಾಲಿಸಿದವನೂ ಬೀಳುತ್ತಾನೆ. ಬಿದ್ದಾಗ ಒಂದು ಗುಟುಕು ನೀರು ಬಾಯಿಗೆ ಬಂದೇ ಬರುತ್ತದೆ. ಕಿವಿಗೆ, ಕಣ್ಣಿಗೆ, ತರಚಿದ ಗಾಯಕ್ಕೆ ತಗಲುತ್ತದೆ. ಮೋಟಾರು ದೋಣಿಯಲ್ಲಿ ಕುಳಿತು ನದಿ ನೋಡುವವರಿಗೆ ನೀರು ಒಂದು ದೃಶ್ಯ ಮಾತ್ರ. ಹಲಗೆಯಿಂದ ಬೀಳುವವನಿಗೆ ಅದು ಮೈಗೆ ತಾಗುವ ಸತ್ಯ.

ಕಾನೂನು ಈ ವ್ಯತ್ಯಾಸವನ್ನು ಗುರುತಿಸಿದೆ. ಪರಿಸರ ಸಂರಕ್ಷಣಾ ನಿಯಮಗಳು ಕರಾವಳಿಯ ನೀರನ್ನು ಬಳಕೆಗೆ ಅನುಸಾರವಾಗಿ ಐದು ವರ್ಗಗಳಾಗಿ ವಿಂಗಡಿಸಿವೆ. ಅವುಗಳಲ್ಲಿ ಎರಡನೆಯದು ಸ್ನಾನ, ಮೈ ನೀರಿಗೆ ತಾಗುವ ಜಲಕ್ರೀಡೆ ಮತ್ತು ವಾಣಿಜ್ಯ ಮೀನುಗಾರಿಕೆಗೆ ಮೀಸಲಾದ ವರ್ಗ. ಆ ವರ್ಗದ ನೀರಿನ 100 ಮಿಲಿಲೀಟರಿನಲ್ಲಿ ಮಲಮೂಲದ ಕೋಲಿಫಾರ್ಮ್ ಬ್ಯಾಕ್ಟೀರಿಯಾಗಳ ಎಣಿಕೆ 100ನ್ನು ಮೀರಬಾರದು. ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಕರಗಿದ ಆಮ್ಲಜನಕ ಇರಬೇಕು. ಒಳನಾಡಿನ ನದಿಗಳಲ್ಲಿ ಬಯಲುಸ್ನಾನಕ್ಕೆ ಬೇರೆ ಮಾನದಂಡವಿದೆ: ಅದೇ ಬ್ಯಾಕ್ಟೀರಿಯಾ 500ರೊಳಗಿರುವುದು ಅಪೇಕ್ಷಣೀಯ, 2,500 ಗರಿಷ್ಠ ಮಿತಿ, ಆಮ್ಲಜನಕ ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ. ಜಲಕ್ರೀಡೆಗೆ ಅನುಮತಿ ಕೊಡುವವರೂ ಹಣ ಕೊಟ್ಟು ಕಲಿಯುವವರೂ ಕೇಳಬೇಕಾದ ಮೊದಲ ಕಾಗದ ಈ ಪರೀಕ್ಷೆಯ ವರದಿ. ಕೇಳುವವರು ವಿರಳ. ನೀರು ನೀಲಿಯಾಗಿ ಕಂಡರೆ ಸಾಕೆಂದು ಬಗೆಯುವವರೇ ಹೆಚ್ಚು.

ಮಲಮೂತ್ರ ಬೆರೆತ ನೀರಿನಿಂದ ವಾಂತಿಭೇದಿ, ಚರ್ಮದ ಹುಣ್ಣು, ಕಿವಿಸೋರು ಬರುತ್ತವೆ. ಇಲಿಗಳ ಮೂತ್ರದಿಂದ ನೀರು ಸೇರುವ ರೋಗಾಣು ಗಾಯದ ಮೂಲಕ ಮೈಹೊಕ್ಕರೆ ಇಲಿಜ್ವರ. ಗದ್ದೆಯಲ್ಲಿ ದುಡಿಯುವ ಕರಾವಳಿಯ ಜನರಿಗೆ ಅದರ ಪರಿಚಯವಿದೆ. ಜೋರು ಮಳೆ ಬಂದ ಮೇಲೆ ಎರಡು ಮೂರು ದಿನ ನಗರದ ನೀರಿಗಿಳಿಯಬಾರದು, ಗಾಯವಿದ್ದವರು ಇಳಿಯಲೇಬಾರದು, ಆಟ ಮುಗಿದೊಡನೆ ಶುದ್ಧ ನೀರಿನಲ್ಲಿ ಮೀಯಬೇಕು. ಇವು ಎಚ್ಚರಿಕೆಗಳು. ಆದರೆ ಎಚ್ಚರಿಕೆಯಿಂದ ನದಿ ಶುದ್ಧವಾಗುವುದಿಲ್ಲ.

ನಗರದ ಚರಂಡಿ ನಗರದ ಹೊಣೆ. ಅದನ್ನು ಘಟ್ಟದವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಘಟ್ಟದಿಂದ ಇಳಿಯುವುದು ತೀರ್ಥ ಮಾತ್ರವೇ ಎಂಬ ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕು. ಕಾಫಿ ಹಣ್ಣಿನ ಸಿಪ್ಪೆ ಸುಲಿದ ನೀರು ತೋಡಿಗೆ ಬಿದ್ದರೆ ಅದು ಕೊಳೆಯುತ್ತಾ ನೀರಿನ ಆಮ್ಲಜನಕವನ್ನು ಹೀರಿಬಿಡುತ್ತದೆ, ಮೀನು ಉಸಿರುಗಟ್ಟಿ ಸಾಯುತ್ತದೆ. ಅಡಿಕೆಗೆ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿರುವ ಮೈಲುತುತ್ತ ಕೊಳೆರೋಗಕ್ಕೆ ಮದ್ದು, ಜಲಚರಗಳಿಗೆ ವಿಷ. ಡ್ರಮ್ಮು ತೊಳೆದ ನೀರನ್ನು ಹೊಳೆಗೆ ಚೆಲ್ಲುವವರಿಗೆ ಇದು ನೆನಪಿರಬೇಕು. ರಾತ್ರಿಯ ಹೊತ್ತು ಸೇತುವೆಯ ಮೇಲಿಂದ ಎಸೆಯುವ ಕೋಳಿಯಂಗಡಿಯ ತ್ಯಾಜ್ಯದ ಮೂಟೆ, ಜಾತ್ರೆಯ ಮರುದಿನದ ಪ್ಲಾಸ್ಟಿಕ್ಕು, ಮೀನಿಗಾಗಿ ಹೊಳೆಗೆ ಹಾಕುವ ಸಿಡಿಮದ್ದು, ಇವೆಲ್ಲ ಪಟ್ಟಣದ ಪಾಪಗಳಲ್ಲ. ಘಟ್ಟದ ಜನ ಒಳ್ಳೆಯ ದಾರಿಯನ್ನೂ ತೋರಿಸಿದ್ದಾರೆ. ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ ದೇವರ ಮೀನೆಂದು ಕಪಿಲಾ ಹೊಳೆಯ ಮೀನುಗಳನ್ನು ಊರವರು ಕಾಪಾಡಿಕೊಂಡು ಬಂದಿದ್ದಾರೆ. ಮೀನು ಉಳಿಯಬೇಕಾದರೆ ನೀರು ಉಳಿಯಬೇಕೆಂಬುದನ್ನು ಅಲ್ಲಿ ಯಾವ ಇಲಾಖೆಯೂ ಕಲಿಸಬೇಕಾಗಿ ಬರಲಿಲ್ಲ.

ನೀರೇ ಇಲ್ಲದಿದ್ದರೆ

ಶುದ್ಧತೆಯಷ್ಟೇ ಮುಖ್ಯವಾದುದು ಹರಿವು. 2016 ಮತ್ತು 2019ರ ಬೇಸಿಗೆಗಳಲ್ಲಿ ತುಂಬೆಯ ಕಿಂಡಿ ಅಣೆಕಟ್ಟಿನಲ್ಲಿ ನೀರು ತಳ ಕಂಡು, ಮಂಗಳೂರಿನಲ್ಲಿ ಕುಡಿಯುವ ನೀರನ್ನು ಸರದಿಯ ಮೇಲೆ ಬಿಡಬೇಕಾಯಿತು. ನಾಲ್ಕು ತಿಂಗಳು ನೆರೆ, ಎರಡು ತಿಂಗಳು ಬರ ಎಂಬ ಸ್ಥಿತಿಗೆ ನದಿ ಜಾರಿದಾಗ ಕೆಳಗಿನ ಅಳಿವೆಯಲ್ಲಿ ಸಿಹಿನೀರಿನ ಒತ್ತಡ ಇಳಿಯುತ್ತದೆ. ಉಪ್ಪುನೀರು ಒಳಕ್ಕೆ ಏರುತ್ತದೆ, ದಂಡೆಯ ಬಾವಿಗಳು ಕೆಡುತ್ತವೆ, ಚರಂಡಿಯ ಕೊಳೆ ತೊಳೆದುಹೋಗದೆ ನಿಲ್ಲುತ್ತದೆ. ಸಿಹಿನೀರು ಉಪ್ಪುನೀರುಗಳ ಹದವಾದ ಬೆರಕೆಯನ್ನು ನಂಬಿರುವ ಮರುವಾಯಿ, ಏಡಿ, ಸಿಗಡಿಗಳ ಬದುಕು ಏರುಪೇರಾಗುತ್ತದೆ.

ಈ ಹಿನ್ನೆಲೆಯಲ್ಲಿ ಎತ್ತಿನಹೊಳೆ ಯೋಜನೆಯನ್ನು ನೋಡಬೇಕು. ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳಗಳ ನೀರು ಕುಮಾರಧಾರೆಯ ಮೂಲಕ ನೇತ್ರಾವತಿಗೆ ಸೇರುವಂಥದು. ಅಲ್ಲಿಂದ ವರ್ಷಕ್ಕೆ 24.01 ಟಿಎಂಸಿ ನೀರನ್ನು ಪೂರ್ವದ ಬರಪೀಡಿತ ಜಿಲ್ಲೆಗಳಿಗೆ ಒಯ್ಯುವುದು ಯೋಜನೆಯ ಗುರಿ. ಮೊದಲ ಹಂತ 2024ರ ಸೆಪ್ಟೆಂಬರ್ 6ರಂದು ಸಕಲೇಶಪುರ ತಾಲೂಕಿನಲ್ಲಿ ಉದ್ಘಾಟನೆಗೊಂಡಿತು. ಕೋಲಾರ, ಚಿಕ್ಕಬಳ್ಳಾಪುರಗಳ ಜನರ ದಾಹ ನಿಜವಾದುದು; ಅದನ್ನು ಹಗುರವಾಗಿ ಕಾಣುವವರು ಪರಿಸರವಾದಿಗಳೆನಿಸಲಾರರು. ಆದರೆ ‘ಸಮುದ್ರಕ್ಕೆ ಹರಿದು ವ್ಯರ್ಥವಾಗುವ ನೀರು’ ಎಂಬ ಮಾತನ್ನು ಪ್ರಶ್ನಿಸದೆ ಬಿಡಲಾಗದು. ಅಳಿವೆಯಲ್ಲಿ ಒಂದು ಬೆಳಗ್ಗೆ ಹುಟ್ಟು ಹಾಕಿದವರು ಆ ಮಾತನ್ನು ಮತ್ತೆ ಆಡಲಾರರು. ಅಲ್ಲಿ ಕಾಂಡ್ಲಾಗಿಡಗಳ ಬೇರುಗಳ ನಡುವೆ ಮೀನಿನ ಮರಿಗಳು ಬೆಳೆಯುತ್ತವೆ. ಸೊಂಟದವರೆಗೆ ನೀರಿನಲ್ಲಿ ನಿಂತು ಮರುವಾಯಿ ಹೆಕ್ಕುವ ಹೆಂಗಸರ ಬುಟ್ಟಿ ತುಂಬುತ್ತದೆ. ವ್ಯರ್ಥವೆನ್ನಲಾದ ನೀರು ಅಲ್ಲಿ ಮನೆಗಳ ಒಲೆ ಉರಿಸುತ್ತಿರುತ್ತದೆ.

ಯಾರ ಅಂಗಳ

ಆಟವೂ ತಪ್ಪು ದಾರಿ ಹಿಡಿಯಬಹುದು. ನದಿ ‘ಬಳಕೆಯಾಗದೆ ಬಿದ್ದಿದೆ’ ಎಂದು ಹೊರಟ ಕಡೆಗಳಲ್ಲೆಲ್ಲ ಮೊದಲು ಬರುವುದು ಕಾಂಕ್ರೀಟಿನ ದಂಡೆ, ಬಳಿಕ ಪ್ರವೇಶಶುಲ್ಕ, ಕೊನೆಗೆ ಬಲೆ ಒಣಹಾಕುವವರಿಗೆ ಜಾಗವಿಲ್ಲವೆಂಬ ಫಲಕ. ಕಾಂಡ್ಲಾ ಕಡಿದು ಕಟ್ಟಿದ ಜೆಟ್ಟಿಯಿಂದ ನೀರಿಗಿಳಿದು ನಿಸರ್ಗಪ್ರೇಮ ಕಲಿಯುವುದು ಹಾಸ್ಯಾಸ್ಪದ. ಅಳಿವೆ ಮೀನುಗಾರರ ಅಂಗಳ, ಹಲಗೆಯವನು ಅಲ್ಲಿ ನೆಂಟ. ನೆಂಟನಿಗೆ ಒಪ್ಪುವ ನಡತೆ ಸರಳವಾದುದು: ಬಲೆ ಹಾಕಿದ ಜಾಗವನ್ನು ಸುತ್ತಿಕೊಂಡು ಹೋಗುವುದು, ಕಡವಿನ ದೋಣಿಗೆ ದಾರಿ ಬಿಡುವುದು, ಹಕ್ಕಿಗಳು ಗೂಡುಕಟ್ಟುವ ಕಾಂಡ್ಲಾದೊಳಕ್ಕೆ ನುಗ್ಗದಿರುವುದು, ತಂದ ಬಾಟಲಿಯನ್ನು ಮರಳಿ ಒಯ್ಯುವುದು. ಕಲಿಸುವ ಕೆಲಸವೂ ದೋಣಿ ಬಲ್ಲ ಆ ದಂಡೆಯ ಯುವಕರಿಗೇ ದೊರೆತರೆ ಆಟಕ್ಕೂ ಊರಿಗೂ ಒಳಿತು. ಹಗ್ಗ, ಹಲಗೆ, ಶಿಳ್ಳೆ ಇವಿಷ್ಟಕ್ಕೆ ಅರಮನೆಯಂಥ ಕಟ್ಟಡ ಬೇಡ.

ಹೀಗೆ ನಡೆದರೆ ಈ ಆಟದಿಂದ ನದಿಗೆ ಆಗಬಹುದಾದ ಉಪಕಾರ ದೊಡ್ಡದು. ನೀರನ್ನು ಮುಟ್ಟುವವರ ಸಂಖ್ಯೆ ಹೆಚ್ಚಿದಂತೆ ನೀರಿನ ಪರವಾಗಿ ಸಾಕ್ಷಿ ಹೇಳುವವರೂ ಹೆಚ್ಚುತ್ತಾರೆ. ಕುದುರೆಮುಖದ ಗಣಿಗಾರಿಕೆ 2005ರ ಕೊನೆಗೆ ನಿಂತಿತು. ಅದರ ಹಿಂದೆ 2002ರ ಸುಪ್ರೀಂ ಕೋರ್ಟ್ ಆದೇಶವಿತ್ತು; ಆ ಆದೇಶದ ಹಿಂದೆ ಭದ್ರೆಯ ನೀರು ಕೆಂಪಾಗುವುದನ್ನು ಕಣ್ಣಾರೆ ಕಂಡು ದಾಖಲಿಸಿದವರ ವರ್ಷಗಳ ಶ್ರಮವಿತ್ತು. ನೋಡಿದವರು ಇಲ್ಲದಿದ್ದರೆ ದೂರು ಇಲ್ಲ, ದೂರು ಇಲ್ಲದಿದ್ದರೆ ನ್ಯಾಯವೂ ಇಲ್ಲ.

ವಿದ್ಯಾರ್ಥಿಗಳಿಂದ ಆಗಬಹುದಾದ ಕೆಲಸವೊಂದು ಇಲ್ಲಿದೆ. ಪ್ರತಿ ಶಾಲೆಯೂ ತನ್ನ ಹತ್ತಿರದ ಕಾಲುಸಂಕದ ಕೆಳಗಿನ ಹೊಳೆಗೆ ಒಂದು ದಿನಚರಿ ಇಡಬಹುದು. ತಿಂಗಳಿಗೆ ಎರಡು ಬಾರಿ, ಒಂದೇ ಜಾಗದಲ್ಲಿ ನಿಂತು, ನೀರಿನ ಮಟ್ಟ ಯಾವ ಕಲ್ಲಿಗೆ ತಾಗಿದೆ, ಬಣ್ಣವೇನು, ವಾಸನೆಯಿದೆಯೇ, ನೊರೆಯಿದೆಯೇ, ಯಾವ ಮೀನು ಕಂಡಿತು, ಹರಿವು ನಿಂತದ್ದು ಯಾವ ದಿನ ಎಂದು ಬರೆದಿಟ್ಟರೆ ಸಾಕು. ಅದಕ್ಕೆ ಯಂತ್ರ ಬೇಡ, ಅನುದಾನ ಬೇಡ, ಒಂದು ನೋಟುಪುಸ್ತಕ ಬೇಕು. ಅಳಿವೆಯಲ್ಲಿ ಹುಟ್ಟು ಹಾಕುವವರು ತಮ್ಮ ಕಡೆಯಿಂದ ಅಂಥದೇ ಪುಸ್ತಕ ಇಡಲಿ. ವರ್ಷಕ್ಕೊಮ್ಮೆ ಎರಡೂ ಪುಸ್ತಕಗಳನ್ನು ಎದುರುಬದುರು ಇಟ್ಟು ಓದಿದರೆ ಯಾವ ತಪ್ಪು ಎಲ್ಲಿಯದು ಎಂಬುದು ತಾನಾಗಿ ತಿಳಿಯುತ್ತದೆ. ಘಟ್ಟದವರು ಪೇಟೆಯವರನ್ನೂ ಪೇಟೆಯವರು ಘಟ್ಟದವರನ್ನೂ ದೂರುತ್ತಾ ಕೂರುವ ಅಗತ್ಯ ಬೀಳುವುದಿಲ್ಲ.

ಸುಬ್ರಹ್ಮಣ್ಯದಲ್ಲಿ ಕುಮಾರಧಾರೆಗೆ ಇಳಿಯುವ ಯಾತ್ರಿಕ ಮೂರು ಮುಳುಗು ಹಾಕಿ, ಬೊಗಸೆಯಲ್ಲಿ ನೀರೆತ್ತಿ ಕಣ್ಣಿಗೊತ್ತಿಕೊಳ್ಳುತ್ತಾನೆ. ಅದೇ ನೀರು ಉಪ್ಪಿನಂಗಡಿಯ ಸಂಗಮವನ್ನು ದಾಟಿ ಅಳಿವೆಗೆ ಇಳಿದಾಗ, ಅಲ್ಲೊಬ್ಬಳು ಹುಡುಗಿ ಹಲಗೆಯ ಮೇಲೆ ನಿಲ್ಲಲು ಮೂರನೆಯ ಬಾರಿ ಯತ್ನಿಸುತ್ತಿರುತ್ತಾಳೆ. ಅವಳು ಬೀಳುತ್ತಾಳೆ. ಅವಳ ಬಾಯಿಗೆ ಬರುವ ಆ ಒಂದು ಗುಟುಕು ಯಾತ್ರಿಕನ ಬೊಗಸೆಯಲ್ಲಿದ್ದ ನೀರಿನಷ್ಟೇ ನಿರ್ಮಲವಾಗಿರಬೇಕೆಂದು ಬಯಸುವುದು ಅತಿಯಾಸೆಯಲ್ಲ. ನಡುವಿನ ಹಾದಿಯಲ್ಲಿ ಬದುಕುವ ಪ್ರತಿಯೊಂದು ಊರೂ ತನ್ನ ತೋಡನ್ನು ಒಮ್ಮೆ ಇಳಿದು ನೋಡಿದರೆ ಆ ಕೆಲಸ ಆರಂಭವಾಗುತ್ತದೆ. ಮಳೆಗಾಲ ಮುಗಿದು ನೀರು ತಿಳಿಯಾಗುವ ಹೊತ್ತು ಅದಕ್ಕೆ ತಕ್ಕ ಸಮಯ.